ಸಂಪಾದಕರ ಉತ್ತರ: 49 ದಿನಗಳ ಪ್ರಧಾನಿ ಮತ್ತು ಉಳಿದ ಲೆಕ್ಕ

ಧಾರವಾಡದ ಓದುಗರೊಬ್ಬರು, ರಾಜ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: “2022ರಲ್ಲಿ ಬ್ರಿಟನ್ನಿನ ಲಿಜ್ ಟ್ರಸ್ 49 ದಿನಕ್ಕೆ ಪ್ರಧಾನಿ ಪಟ್ಟ ಬಿಟ್ಟಾಗ ನಮ್ಮ ಪತ್ರಿಕೆಗಳೆಲ್ಲ ನಕ್ಕವು. ನನಗೆ ನಗು ಬರಲಿಲ್ಲ, ಅಸೂಯೆಯಾಯಿತು. ಕೈಲಾಗದ ನಾಯಕರನ್ನು ಸ್ವಂತ ಪಕ್ಷದವರೇ ಎಬ್ಬಿಸಿ ಕಳಿಸುವ ಎದೆಗಾರಿಕೆ ಅಲ್ಲಿದೆ. ಇಲ್ಲಿ ಹೈಕಮಾಂಡಿನ ಮುಂದೆ ಯಾರೂ ಉಸಿರೆತ್ತುವುದಿಲ್ಲ. ಸಮರ್ಥ ಆಡಳಿತಕ್ಕೆ ಇದಕ್ಕಿಂತ ಬೇರೇನು ಬೇಕು? ಇದನ್ನು ಒಪ್ಪಲು ನಿಮ್ಮ ಪತ್ರಿಕೆಗೆ ಏಕೆ ಸಂಕೋಚ? ಕೊನೆಯದಾಗಿ, ಕರ್ನಾಟಕದ ಅಳಿಯ ರಿಷಿ ಸುನಕ್ ಸೋತದ್ದು ತಮ್ಮ ತಪ್ಪಿನಿಂದಲೋ, ಪಕ್ಷದ ತಪ್ಪಿನಿಂದಲೋ?”

ಮಾನ್ಯರೇ,

ತಮ್ಮ ಪತ್ರದಲ್ಲಿ ಒಪ್ಪಬೇಕಾದ ಮಾತು ಇದೆ, ಅದನ್ನು ಮೊದಲು ಒಪ್ಪಿಬಿಡುತ್ತೇನೆ. 1985ರ ಪಕ್ಷಾಂತರ ನಿಷೇಧ ಕಾನೂನಿನಂಥದ್ದು ಬ್ರಿಟನ್ನಿನಲ್ಲಿ ಇಲ್ಲ. ವಿಪ್ ಮೀರಿ ಮತ ಹಾಕಿದ ಸಂಸದ ಅಲ್ಲಿ ಪಕ್ಷದ ಕೋಪಕ್ಕೆ ತುತ್ತಾಗಬಹುದೇ ಹೊರತು ಸದನದ ಸ್ಥಾನ ಕಳೆದುಕೊಳ್ಳುವುದಿಲ್ಲ. ಆ ಸ್ವಾತಂತ್ರ್ಯದಿಂದ ಕೆಲವೊಮ್ಮೆ ಒಳ್ಳೆಯದೂ ಆಗಿದೆ. ಬಡವ ಬಲ್ಲಿದನೆನ್ನದೆ ತಲೆಗಿಷ್ಟು ಎಂದು ವಸೂಲಿ ಮಾಡುವ ತೆರಿಗೆಯನ್ನು ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ತಂದರು. 1990ರ ನವೆಂಬರಿನಲ್ಲಿ ಅವರ ಉಪಪ್ರಧಾನಿ ಜೆಫ್ರಿ ಹೌ ರಾಜೀನಾಮೆ ಕೊಟ್ಟು, ತಂಡದ ನಾಯಕಿಯೇ ಬ್ಯಾಟುಗಳನ್ನು ಮೊದಲೇ ಮುರಿದಿಟ್ಟು ಆರಂಭಿಕ ಆಟಗಾರರನ್ನು ಕ್ರೀಸಿಗೆ ಕಳಿಸಿದಂತಾಗಿದೆ ಎಂದು ಸದನದಲ್ಲಿ ದೂರಿದರು. ಅದಾದ ಒಂದೇ ವಾರದಲ್ಲಿ ನಡೆದ ಪಕ್ಷದ ಮತದಾನದಲ್ಲಿ ಥ್ಯಾಚರ್ ಅವರಿಗೆ 204, ಸ್ವಪಕ್ಷದ ಎದುರಾಳಿ ಹೆಸೆಲ್‌ಟೈನ್ ಅವರಿಗೆ 152 ಮತಗಳು ಬಂದವು. ನಿಯಮಕ್ಕೆ ಬೇಕಾದ ಅಂತರಕ್ಕೆ ನಾಲ್ಕೇ ಮತ ಕಡಿಮೆಯಾಗಿ ಅವರು ಇಳಿಯಬೇಕಾಯಿತು. 1993ರಲ್ಲಿ ಆ ತೆರಿಗೆಯೂ ಹೋಯಿತು. ಇಲ್ಲಿ ನಾಯಕಿಯ ಜೊತೆ ತಪ್ಪು ನೀತಿಯೂ ಹೋಯಿತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ತಾವು 49 ಎಂಬ ಒಂದೇ ಸಂಖ್ಯೆಯನ್ನು ಹಿಡಿದು ನಾಲ್ಕು ಪುಟ ಬರೆದಿದ್ದೀರಿ. ಆ ನಾಲ್ಕು ಪುಟಗಳಲ್ಲಿ ಒಂದು ಇಲಾಖೆಯ ಹೆಸರೂ ಇಲ್ಲ. ರಾಜ್ಯಶಾಸ್ತ್ರ ಕಲಿಸಿದವರ ಪತ್ರದಲ್ಲಿ ಈ ಕೊರತೆ ನನಗೆ ಸ್ವಲ್ಪ ಬೇಸರ ತಂದಿತು. ಅದೇ 2022ರಲ್ಲಿ ಇಂಗ್ಲೆಂಡಿನ ಶಾಲೆಗಳ ಹೊಣೆ ಹೊತ್ತ ಶಿಕ್ಷಣ ಸಚಿವರು ಐವರು: ಜಹಾವಿ, ಡೊನೆಲನ್, ಕ್ಲೆವರ್ಲಿ, ಮಾಲ್ಟ್‌ಹೌಸ್, ಕೀಗನ್. ಇವರಲ್ಲಿ ಮಿಶೆಲ್ ಡೊನೆಲನ್ ಎರಡು ದಿನವೂ ತುಂಬುವ ಮೊದಲೇ ರಾಜೀನಾಮೆ ಕೊಟ್ಟರು. ಹಣಕಾಸು ಸಚಿವರು ನಾಲ್ವರು. ವಸತಿ ಖಾತೆಯ ಕಥೆ ಇನ್ನೂ ಕೆಟ್ಟದ್ದು: ಕನ್ಸರ್ವೇಟಿವ್ ಪಕ್ಷ ಆಳಿದ ಹದಿನಾಲ್ಕು ವರ್ಷಗಳಲ್ಲಿ ಆ ಖಾತೆಯ ಸಚಿವರು ಹದಿನೈದಕ್ಕೂ ಹೆಚ್ಚು ಮಂದಿ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಉರಿದು 72 ಜನ ಸತ್ತರು. ಬೆಂಕಿ ಹರಡುವ ಹೊರಹೊದಿಕೆಯನ್ನು ದೇಶದ ಉಳಿದ ಎತ್ತರದ ಕಟ್ಟಡಗಳಿಂದ ಕಿತ್ತುಹಾಕಿಸುವುದು, ಅದರ ಖರ್ಚು ಮನೆ ಕೊಂಡವರದೋ ಕಟ್ಟಿದವರದೋ ಎಂದು ತೀರ್ಮಾನಿಸುವುದು ಒಬ್ಬ ಸಚಿವ ವರ್ಷಗಟ್ಟಲೆ ಕಡತಗಳ ಮುಂದೆ ಕುಳಿತು ಮಾಡಬೇಕಾದ ಕೆಲಸ. ಕುಳಿತವರು ಎದ್ದು ಹೋಗುತ್ತಲೇ ಇದ್ದರು. ನಾಯಕ ಬದಲಾದಾಗಲೆಲ್ಲ ಹೊಸ ನಾಯಕ ತನ್ನ ಬೆಂಬಲಿಗರಿಗೆ ಖಾತೆ ಹಂಚಬೇಕಾಗುತ್ತಿತ್ತು.

ನಾಯಕತ್ವದ ಜಗಳವೇ ಇಲ್ಲದ ಕಾಲ ಎಂಬುದೊಂದು ಇತ್ತೆಂದು ನಾನು ಹೇಳುತ್ತಿಲ್ಲ. 1945ರ ಜುಲೈನಲ್ಲಿ ಲೇಬರ್ ಪಕ್ಷ ಭಾರಿ ಬಹುಮತದಿಂದ ಗೆದ್ದ ದಿನವೇ ಪಕ್ಷದ ಹಿರಿಯ ಮುಂದಾಳು ಹರ್ಬರ್ಟ್ ಮಾರಿಸನ್, ಮೊದಲು ಹೊಸ ಸಂಸದರು ಸೇರಿ ನಾಯಕನನ್ನು ಆರಿಸಲಿ ಎಂದು ಪಟ್ಟು ಹಿಡಿದರು. ಇನ್ನೊಬ್ಬ ಹಿರಿಯ ಅರ್ನೆಸ್ಟ್ ಬೆವಿನ್ ಅವರ ಸಲಹೆಯಂತೆ ಪಕ್ಷದ ನಾಯಕ ಕ್ಲೆಮೆಂಟ್ ಅಟ್ಲಿ, ಹೆಂಡತಿ ಓಡಿಸುತ್ತಿದ್ದ ಸಣ್ಣ ಕಾರಿನಲ್ಲಿ ಕುಳಿತು ನೇರವಾಗಿ ಅರಮನೆಗೆ ಹೋಗಿ ಪ್ರಧಾನಿಯಾಗಿ ಬಂದರು. ಎರಡು ವರ್ಷಗಳ ನಂತರದ ಪ್ರಸಂಗ ನನಗೆ ಇನ್ನೂ ಇಷ್ಟ. 1947ರ ಚಳಿಗಾಲದಲ್ಲಿ ಕಲ್ಲಿದ್ದಲಿಲ್ಲದೆ ಕಾರ್ಖಾನೆಗಳು ಮುಚ್ಚಿದ್ದವು, ಬೇಸಿಗೆಯಲ್ಲಿ ಪೌಂಡಿನ ಬಿಕ್ಕಟ್ಟು ಬಂದಿತ್ತು, ಭಾರತದಿಂದ ಆಗಷ್ಟೇ ಕಾಲ್ತೆಗೆದಿದ್ದರು. ಆ ಸೆಪ್ಟೆಂಬರಿನಲ್ಲಿ ಸ್ಟಾಫರ್ಡ್ ಕ್ರಿಪ್ಸ್, 1942ರ ನಿಯೋಗದಿಂದ ನಮಗೆಲ್ಲ ಹೆಸರು ಗೊತ್ತಿರುವ ಅದೇ ಕ್ರಿಪ್ಸ್, ಅಟ್ಲಿಯವರ ಮುಂದೆಯೇ ಕುಳಿತು, ನೀವು ಇಳಿದು ಬೆವಿನ್ ಅವರಿಗೆ ಜಾಗ ಬಿಡಿ ಎಂದರು. ಅಟ್ಲಿ ಸಿಟ್ಟಾಗಲಿಲ್ಲ. ಅಲ್ಲಿಂದಲೇ ಬೆವಿನ್ ಅವರಿಗೆ ಫೋನ್ ಮಾಡಿ ವಿಚಾರಿಸಿದರು. ತನಗೆ ಆ ಪಟ್ಟ ಬೇಡವೆಂದು ಬೆವಿನ್ ಹೇಳಿದರು. ಆಮೇಲೆ ಅಟ್ಲಿ, ಆರ್ಥಿಕ ವ್ಯವಹಾರಗಳಿಗೆ ಹೊಸದೊಂದು ಖಾತೆ ಮಾಡುತ್ತೇನೆ, ಅದನ್ನು ನೀವೇ ವಹಿಸಿಕೊಳ್ಳಿ ಎಂದು ಕ್ರಿಪ್ಸ್ ಅವರನ್ನೇ ಕೇಳಿದರು. ಪಿತೂರಿ ಮಾಡಲು ಬಂದವರು ಇನ್ನಷ್ಟು ಕೆಲಸ ಹೊತ್ತು ಹೋದರು, ಎರಡು ತಿಂಗಳಲ್ಲಿ ಹಣಕಾಸು ಸಚಿವರೂ ಆದರು.

ಅಟ್ಲಿಯವರಿಗೆ ಭಾಷಣದ ಕಳೆ ಇರಲಿಲ್ಲ. ಯಾವ ಖಾತೆಗೆ ಯಾರು ತಕ್ಕವರು, ಅವರನ್ನು ಎಷ್ಟು ಕಾಲ ಅಲುಗಾಡಿಸದೆ ಬಿಡಬೇಕು ಎಂಬ ತಿಳಿವಳಿಕೆ ಇತ್ತು. ಅನ್ಯೂರಿನ್ ಬೆವನ್ (ಮೇಲಿನ ಬೆವಿನ್ ಬೇರೆ, ಇವರು ಬೇರೆ) 1945ರಿಂದ 1951ರ ಜನವರಿವರೆಗೆ, ಐದು ವರ್ಷಕ್ಕೂ ಮೀರಿ ಆರೋಗ್ಯ ಖಾತೆಯಲ್ಲಿ ಕುಳಿತಿದ್ದರು. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಯೋಜನೆಯನ್ನು ವೈದ್ಯರ ಸಂಘ ಬಲವಾಗಿ ವಿರೋಧಿಸಿತು. ಬೆವನ್ ಜಗಳವಾಡಿದರು, ರಾಜಿ ಮಾಡಿಕೊಂಡರು, ಮತ್ತೆ ಜಗಳವಾಡಿದರು, 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ, ಬಾಗಿಲು ತೆರೆಸಿದರು. ಅದೇ ಎನ್‌ಎಚ್‌ಎಸ್‌ನ ಹೊಣೆ 2022ರ ಜುಲೈಯಿಂದ ಅಕ್ಟೋಬರಿನೊಳಗೆ ಜಾವಿದ್, ಬಾರ್ಕ್ಲೆ, ಕಾಫಿ, ಮತ್ತೆ ಬಾರ್ಕ್ಲೆ ಎಂದು ಕೈಯಿಂದ ಕೈಗೆ ದಾಟಿತು. ಆ ತಿಂಗಳುಗಳಲ್ಲಿ ಯಾವ ಸಂಘದೊಡನೆ ಯಾರು ಕುಳಿತು ಮಾತಾಡಲು ಸಾಧ್ಯವಿತ್ತು, ತಾವೇ ಹೇಳಿ.

ಇನ್ನು ತಾವು ಮೆಚ್ಚಿದ ಟ್ರಸ್ ಪ್ರಸಂಗ. ಪಕ್ಷ ಅವರನ್ನು ಇಳಿಸಿತು ಎಂದಿದ್ದೀರಿ. ಏರಿಸಿದವರು ಯಾರು ಎಂದು ಕೇಳಲಿಲ್ಲ. ಸಂಸದರ ಕೊನೆಯ ಸುತ್ತಿನ ಮತದಾನದಲ್ಲಿ ಸುನಕ್ ಅವರಿಗೆ 137, ಟ್ರಸ್ ಅವರಿಗೆ 113 ಮತಗಳು ಬಂದಿದ್ದವು. ಆದರೆ 1998ರಲ್ಲಿ ಆಗಿನ ಪಕ್ಷದ ನಾಯಕ ವಿಲಿಯಂ ಹೇಗ್ ತಂದ ನಿಯಮದಂತೆ ಕೊನೆಯ ಮಾತು ಪಕ್ಷದ ಸಾಮಾನ್ಯ ಸದಸ್ಯರದು, ಅಲ್ಲಿ ಟ್ರಸ್ 81,326 ಮತ ಪಡೆದು ಗೆದ್ದರು. ಸಂಪುಟದಲ್ಲಿ ಜೊತೆಗೆ ದುಡಿದು ಒಬ್ಬರ ಕೆಲಸವನ್ನು ಹತ್ತಿರದಿಂದ ಕಂಡವರ ತೀರ್ಪಿಗಿಂತ, ಬೇಸಿಗೆಯಿಡೀ ಊರೂರಿನ ಸಭೆಗಳಲ್ಲಿ ಕೇಳಿದ ಭರವಸೆ ಹೆಚ್ಚಾಯಿತು. ಲೇಬರ್ ಪಕ್ಷದ್ದೂ ಇದೇ ಹಾಡು: 2016ರಲ್ಲಿ ಪಕ್ಷದ ನಾಯಕ ಜೆರೆಮಿ ಕಾರ್ಬಿನ್ ಮೇಲೆ ಅವರದೇ ಸಂಸದರು 172ಕ್ಕೆ 40ರಂತೆ ಅವಿಶ್ವಾಸ ಸೂಚಿಸಿದರೆ, ಸದಸ್ಯರು ಮತ್ತು ಬೆಂಬಲಿಗರು ಶೇ. 61.8 ಮತ ಕೊಟ್ಟು ಅವರನ್ನೇ ಮತ್ತೆ ಕೂರಿಸಿದರು. ಪಕ್ಷದೊಳಗೆ ಇದಕ್ಕಿಂತ ಹೆಚ್ಚಿನ ಪ್ರಜಾಪ್ರಭುತ್ವ ಬೇಕೆನ್ನುವವರೊಡನೆ ನನಗೆ ಹಳೆಯ ಜಗಳವಿದೆ. ದೇಶದ ಪ್ರಧಾನಿಯನ್ನು ಆರಿಸುವ ಹಕ್ಕು, ಆ ಪ್ರಧಾನಿ ಎಡವಿದಾಗ ಕ್ಷೇತ್ರದ ಜನರಿಗೆ ಉತ್ತರ ಹೇಳಬೇಕಾದ ಸಂಸದರ ಕೈಯಲ್ಲೇ ಇರಬೇಕು.

ಸೆಪ್ಟೆಂಬರ್ 6ಕ್ಕೆ ಅಧಿಕಾರ ಹಿಡಿದ ಹೊಸ ತಂಡ ಎರಡೇ ದಿನಗಳಲ್ಲಿ, 2008ರ ಹಣಕಾಸು ಬಿಕ್ಕಟ್ಟನ್ನು ನಿಭಾಯಿಸಿದವರಲ್ಲೊಬ್ಬರಾದ ಖಜಾನೆಯ ಕಾಯಂ ಕಾರ್ಯದರ್ಶಿ ಟಾಮ್ ಸ್ಕಾಲರ್ ಅವರನ್ನು ತೆಗೆದುಹಾಕಿತು. ಸೆಪ್ಟೆಂಬರ್ 23ರಂದು ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸಿದರು; ಹಣ ಎಲ್ಲಿಂದ ಬರುತ್ತದೆಂದು ಹೇಳಲಿಲ್ಲ, ಸ್ವತಂತ್ರ ಬಜೆಟ್ ಕಚೇರಿಯ ಮುನ್ನಂದಾಜನ್ನೂ ಪ್ರಕಟಿಸಲು ಬಿಡಲಿಲ್ಲ. ಪೌಂಡು ಡಾಲರಿನ ಎದುರು ಹಿಂದೆಂದೂ ಕಾಣದ ಮಟ್ಟಕ್ಕೆ ಕುಸಿಯಿತು. ಸರ್ಕಾರಿ ಸಾಲಪತ್ರಗಳ ಬೆಲೆ ಬಿದ್ದು ಪಿಂಚಣಿ ನಿಧಿಗಳೇ ಮುಳುಗುವ ಸ್ಥಿತಿ ಬಂದಾಗ, 28ರಂದು ಬ್ಯಾಂಕ್ ಆಫ್ ಇಂಗ್ಲೆಂಡ್ 6,500 ಕೋಟಿ ಪೌಂಡ್‌ವರೆಗೆ ಸಾಲಪತ್ರ ಕೊಳ್ಳಲು ಸಿದ್ಧವೆಂದು ಸಾರಬೇಕಾಯಿತು. ಟ್ರಸ್ ಹೋದದ್ದು ಇದೆಲ್ಲ ಆದಮೇಲೆ. ಮನೆಸಾಲದ ಹೊಸ ಕರಾರನ್ನು ಆ ವಾರಗಳಲ್ಲಿ ಮಾಡಿಕೊಳ್ಳಬೇಕಾಗಿ ಬಂದ ಕುಟುಂಬಗಳು ಹೆಚ್ಚಿದ ಬಡ್ಡಿಯನ್ನು ವರ್ಷಗಟ್ಟಲೆ ಕಟ್ಟಬೇಕಾಯಿತು. ತಾವು ಅಸೂಯೆಪಟ್ಟ ಎದೆಗಾರಿಕೆ ಅವರ ಕಂತನ್ನು ಒಂದು ಪೌಂಡಿನಷ್ಟೂ ಇಳಿಸಲಿಲ್ಲ.

ಪಕ್ಷದ ಜಗಳ ಅನುಭವಿಗಳನ್ನು ಹೊರಹಾಕುತ್ತದೆ ಎಂಬುದು ನನ್ನ ಇನ್ನೊಂದು ತಕರಾರು. 2019ರ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ ವಿಷಯದಲ್ಲಿ ತಮ್ಮ ವಿರುದ್ಧ ಮತ ಹಾಕಿದ 21 ಸಂಸದರನ್ನು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಪಕ್ಷದ ಸಂಸದೀಯ ಗುಂಪಿನಿಂದ ಹೊರಗಟ್ಟಿದರು; ಅವರಲ್ಲಿ ಹಣಕಾಸು ಖಾತೆ ನಡೆಸಿದ ಕೆನ್ ಕ್ಲಾರ್ಕ್ ಮತ್ತು ಫಿಲಿಪ್ ಹ್ಯಾಮಂಡ್ ಇದ್ದರು, ಚರ್ಚಿಲ್ಲರ ಮೊಮ್ಮಗನೂ ಇದ್ದರು. ಅಷ್ಟು ಜನ ಹೋದಮೇಲೆ ಮುಂದಿನ ಸಂಪುಟಗಳಿಗೆ ಆಳು ಹುಡುಕುವುದು ಕಷ್ಟವಾಗದೆ ಇರುತ್ತದೆಯೇ?

ಇದರಲ್ಲಿ ನಮ್ಮ ಪತ್ರಿಕಾವೃತ್ತಿಯ ಪಾಲೂ ದೊಡ್ಡದು. ಟ್ರಸ್ ಮೊದಲು ಬಾಡುತ್ತಾರೋ, ತಾನು ಕ್ಯಾಮೆರಾದ ಮುಂದಿಟ್ಟ ಲೆಟಿಸ್ ಸೊಪ್ಪು ಮೊದಲು ಬಾಡುತ್ತದೋ ಎಂದು ಲಂಡನ್ನಿನ ಡೇಲಿ ಸ್ಟಾರ್ ಪಂದ್ಯ ಹೂಡಿತು. ಜಗತ್ತೆಲ್ಲ ಅದನ್ನೇ ನೋಡಿತು. ಪಿಂಚಣಿ ನಿಧಿಗಳು ಮುಳುಗುವ ಸ್ಥಿತಿಗೆ ಏಕೆ ಬಂದವು ಎಂದು ಸರಳವಾಗಿ ತಿಳಿಸುವ ಲೇಖನಕ್ಕೆ ಅದರ ನೂರರಲ್ಲೊಂದು ಪಾಲು ಓದುಗರೂ ಸಿಕ್ಕಿರಲಾರರು. ಕನ್ನಡದಲ್ಲೂ ‘ಕರ್ನಾಟಕದ ಅಳಿಯನಿಗೆ ಪಟ್ಟ’ ಎಂಬ ಧಾಟಿಯಲ್ಲೇ ಸಂಭ್ರಮ ನಡೆಯಿತು. ಕುರ್ಚಿಯ ಕಾದಾಟ ಬರೆಯುವುದು ಸುಲಭ, ಓದುವುದು ಇನ್ನೂ ಸುಲಭ. ಇಲಾಖೆಯ ಕಥೆ ಬರೆಯಲು ಇಲಾಖೆಯನ್ನು ಬಲ್ಲ ವರದಿಗಾರ ಬೇಕು, ಅಂಥವರಿಗೆ ಸಂಬಳ ಕೊಡುವ ಮಾಲೀಕರು ಬೇಕು. 2024ರ ಜುಲೈನಲ್ಲಿ 411 ಸ್ಥಾನ ಗೆದ್ದು ಪ್ರಧಾನಿಯಾದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್, ಒಂದು ವರ್ಷ ಕಳೆಯುವಷ್ಟರಲ್ಲಿ ಸ್ವಪಕ್ಷದವರ ಬಂಡಾಯಕ್ಕೆ ಮಣಿದು ಅಂಗವಿಕಲರ ಭತ್ಯೆ ಕಡಿತದ ಮಸೂದೆಯ ಮುಖ್ಯ ಭಾಗವನ್ನೇ ಕೈಬಿಟ್ಟರು. ಆಗಲೂ ಎದ್ದ ಚರ್ಚೆ ಮುಂದಿನ ನಾಯಕ ಯಾರು ಎಂಬುದರ ಸುತ್ತಲೇ ಸುತ್ತಿತು. ಆ ಭತ್ಯೆಯನ್ನು ಹೇಗೆ ಅಳೆಯುತ್ತಾರೆ, ಯಾರಿಗೆ ಎಷ್ಟು ಸಿಗುತ್ತದೆ ಎಂದು ವಿವರಿಸಿದವರು ಕೆಲವೇ ಮಂದಿ.

ಕೊನೆಗೆ ಸುನಕ್ ಕುರಿತ ಪ್ರಶ್ನೆ. ಅವರ ಪತ್ನಿ ಅಕ್ಷತಾ ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಧಾರವಾಡದವರಾದ ತಮಗೆ ಆ ಅಭಿಮಾನ ಸಹಜವೇ. 2022ರ ಬೇಸಿಗೆಯಲ್ಲಿ ಸುನಕ್ ಹೇಳಿದ ಲೆಕ್ಕ ಸರಿಯಿತ್ತು. ಸಾಲ ಮಾಡಿ ತೆರಿಗೆ ಇಳಿಸಿದರೆ ಬಡ್ಡಿ ಏರುತ್ತದೆಂದು ಟಿವಿ ಚರ್ಚೆಗಳಲ್ಲಿ ಎಚ್ಚರಿಸಿ, ಪಕ್ಷದ ಸದಸ್ಯರೆದುರು ಸೋತರು. ಅಕ್ಟೋಬರಿನಲ್ಲಿ ಎದುರಾಳಿಯೇ ಇಲ್ಲದೆ ಪ್ರಧಾನಿಯಾದರು, ಪೇಟೆಯನ್ನು ಶಾಂತಗೊಳಿಸಿದರು. ಆದರೆ 2023ರ ಅಕ್ಟೋಬರಿನಲ್ಲಿ ಪಕ್ಷದ ಸಮ್ಮೇಳನಕ್ಕೆ ಮ್ಯಾಂಚೆಸ್ಟರಿಗೇ ಹೋಗಿ, ಬರ್ಮಿಂಗ್‌ಹ್ಯಾಮಿನಿಂದ ಮ್ಯಾಂಚೆಸ್ಟರಿಗೆ ಬರಬೇಕಿದ್ದ ಅತಿವೇಗದ ರೈಲುಮಾರ್ಗ ರದ್ದೆಂದು ಘೋಷಿಸಿದ್ದು ಅವರದೇ ನಿರ್ಧಾರ. 2024ರ ಚುನಾವಣೆಯ ದಿನ ಗೊತ್ತು ಮಾಡಿದವರೂ ಅವರೇ. ಅದರಲ್ಲಿ ಪಕ್ಷಕ್ಕೆ ಉಳಿದದ್ದು 121 ಸ್ಥಾನ, ಅದರ ಇತಿಹಾಸದಲ್ಲೇ ಅತಿ ಕಡಿಮೆ. 2022ರ ಸೋಲನ್ನು ಪಕ್ಷದ ಲೆಕ್ಕಕ್ಕೆ ಬರೆಯಿರಿ. 2024ರದ್ದರಲ್ಲಿ ಅಳಿಯಂದಿರ ಪಾಲೂ ಇದೆ.