ಹೆಡ್ ಇಳಿಸುವ ಮುಂಚೆ ರೇಡಿಯೇಟರ್ ನೋಡಿ

ಗ್ಯಾರೇಜ್ ಮಾತು: ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಅಣ್ಣಾ, ನಮಸ್ಕಾರ. ನನ್ನದು 2012ರ ಡಿಸೈರ್ ಡೀಸೆಲ್, 1,86,000 ಕಿ.ಮೀ. ಓಡಿದೆ. ಇದರಲ್ಲೇ ಬಾಡಿಗೆ ಹೊಡೆದು ಮನೆ ನಡೆಸುತ್ತೇನೆ. ಹೋದ ತಿಂಗಳು ಮಂಗಳೂರಿನಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಗಾಡಿ ತುಂಬಾ ಜನ, ಎಸಿ ಹಾಕಿತ್ತು, ಮುಂದೆ ಲಾರಿಗಳ ಸಾಲು. ಇಂಜಿನ್ ಬಿಸಿಯಾಗಿದೆ ಅಂತ ಎಚ್ಚರಿಕೆ ಬಂತು. ನಿಲ್ಲಿಸಲು ಜಾಗ ಸಿಗದೆ ಮೂರ್ನಾಲ್ಕು ಕಿ.ಮೀ. ಹಾಗೇ ಓಡಿಸಿದೆ. ಮಾರನಹಳ್ಳಿ ಹತ್ತಿರ ಬಾನೆಟ್‌ನಿಂದ ಹಬೆ ಎದ್ದಿತು. ಈಗ ದಿನಾ ಒಂದು ಲೀಟರ್ ನೀರು ಕುಡಿಯುತ್ತದೆ, ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ. ಒಬ್ಬರು ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿದೆ, 14 ಸಾವಿರ ಅಂದರು. ಇನ್ನೊಬ್ಬರು ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ), ಟರ್ಬೋ (ಇಂಜಿನ್‌ಗೆ ಗಾಳಿ ತುಂಬುವ ಭಾಗ) ಎರಡೂ ಬದಲಿಸಬೇಕು, 70 ಸಾವಿರ ಅಂದರು. ಮತ್ತೊಬ್ಬರು ಇಂಜಿನ್ನೇ ಬೇರೆ ಕೂರಿಸಿ ಅಂತಾರೆ. ಯಾರ ಮಾತು ಕೇಳಲಿ?
(ಹಾಸನದ ಓದುಗರು)

ಉತ್ತರ: ಮೊದಲು ಧೈರ್ಯವಾಗಿರಿ. ನಿಮ್ಮ ಗಾಡಿಯಲ್ಲಿರುವುದು 1248 ಸಿಸಿಯ ಫಿಯಟ್ ಮಲ್ಟಿಜೆಟ್ ಇಂಜಿನ್. ಮಾರುತಿ, ಟಾಟಾ, ಫಿಯಟ್ ಎಲ್ಲರೂ ಇದನ್ನೇ ಹಾಕಿದ್ದರಿಂದ ಜನ ಇದಕ್ಕೆ 'ನ್ಯಾಷನಲ್ ಇಂಜಿನ್' ಅಂತಲೇ ಹೆಸರಿಟ್ಟಿದ್ದರು. 2020ರಲ್ಲಿ ಬಿಎಸ್6 ಅನ್ನುವ ಹೊಗೆಯ ನಿಯಮ ಬಂದಾಗ ಮಾರುತಿ ಇದನ್ನು ನಿಲ್ಲಿಸಿತು. ಆದರೂ ಸಾಮಾನು ಈಗಲೂ ಸಿಗುತ್ತದೆ, ಕೈ ಪಳಗಿದ ಮೆಕ್ಯಾನಿಕ್‌ಗಳು ಊರೂರಲ್ಲಿ ಇದ್ದಾರೆ. ಇಷ್ಟಕ್ಕೇ ಇಂಜಿನ್ ಬದಲಿಸುವ ಮಾತು ಬೇಡ.

ಈಗ ಒಂದು ಕೆಲಸ ಮಾಡಿ. ಮೊದಲು ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಆಗಿದ್ದರೆ ಸ್ಟಾರ್ಟ್ ಮಾಡಬೇಡಿ. ಆಗಿಲ್ಲದಿದ್ದರೆ ನಾಳೆ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ರೇಡಿಯೇಟರ್‌ನ ಮೇಲಿನ ರಬ್ಬರ್ ಹೋಸ್ ಹಿಡಿದು ನಿಂತುಕೊಳ್ಳಿ. ನೀರು ಇನ್ನೂ ತಣ್ಣಗಿರುವಾಗಲೇ, ಒಂದೆರಡು ನಿಮಿಷದೊಳಗೆ, ಹೋಸ್ ಕಲ್ಲಿನ ಹಾಗೆ ಬಿಗಿಯಾದರೆ ಸಿಲಿಂಡರ್‌ನ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ ಅಂತ ಅರ್ಥ. ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಒಂದೇ ಸಮ ಏಳುತ್ತಿದ್ದರೂ ಅದೇ. ಇನ್ನೂ ಅನುಮಾನ ಇದ್ದರೆ ನೀಲಿ ದ್ರವದ ಟೆಸ್ಟ್ ಇದೆ. ಡಬ್ಬಿಯಿಂದ ಬರುವ ಗಾಳಿಯನ್ನು ಅದರೊಳಗೆ ಹಾಯಿಸುತ್ತಾರೆ. ಹೊಗೆಯ ಗ್ಯಾಸ್ ಇದ್ದರೆ ಬಣ್ಣ ತಿರುಗುತ್ತದೆ. ಹೆಡ್ ಇಳಿಸುವ ಮುಂಚೆ ಇದನ್ನು ಕೇಳಿ ಮಾಡಿಸಿ. ಏಕೆಂದರೆ ಡೀಸೆಲ್ ಗಾಡಿಯಲ್ಲಿ ಇಜಿಆರ್ ಕೂಲರ್ (ಇಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ತಣ್ಣಗೆ ಮಾಡುವ ಭಾಗ) ಸೋರಿದರೂ ನೀರು ಕಮ್ಮಿಯಾಗುತ್ತದೆ, ಬಿಳಿ ಹೊಗೆ ಬರುತ್ತದೆ. ಆಯಿಲ್ ಕೂಲರ್ ಒಡೆದರೂ ನೀರಿಗೆ ಆಯಿಲ್ ಬೆರೆಯುತ್ತದೆ. ಇವೆರಡನ್ನೂ ನೋಡದೆ ಗ್ಯಾಸ್ಕೆಟ್ ಅಂತ ಹೆಡ್ ಬಿಚ್ಚಿ, ಕೊನೆಗೆ ಗ್ಯಾಸ್ಕೆಟ್ ಸರಿಯಾಗೇ ಇದ್ದ ಗಾಡಿಗಳನ್ನು ನಾನು ಕಂಡಿದ್ದೇನೆ.

ಟೆಸ್ಟ್‌ನಲ್ಲಿ ಗ್ಯಾಸ್ಕೆಟ್ಟೇ ಅಂತ ಬಂದರೆ ಮುಂದಿನ ಪ್ರಶ್ನೆ: ಅದು ಯಾಕೆ ಹೋಯಿತು? ಗ್ಯಾಸ್ಕೆಟ್ ಸುಮ್ನೆ ಹೋಗುವುದಿಲ್ಲ. ಈ ಇಂಜಿನ್‌ನ ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ದಿನನಿತ್ಯದ ಬಿಸಿಯಲ್ಲಿ ಆ ವ್ಯತ್ಯಾಸವನ್ನು ಗ್ಯಾಸ್ಕೆಟ್ ತಡೆದುಕೊಳ್ಳುತ್ತದೆ. ನೀರು ಖಾಲಿಯಾಗಿ ಅತಿಯಾಗಿ ಕಾದರೆ ಹಿಗ್ಗಲು ಜಾಗವಿಲ್ಲದೆ ಹೆಡ್ ಸೊಟ್ಟಗಾಗುತ್ತದೆ. ಟರ್ಬೋ ಗಾಳಿ ತುಂಬಿ ಏರಿನಲ್ಲಿ ಎಳೆಯುವಾಗ ಸಿಲಿಂಡರ್ ಒಳಗಿನ ಒತ್ತಡ ಜಾಸ್ತಿ. ಅದಕ್ಕೆ ಒಂದು ಕೂದಲಿನಷ್ಟು ಸಂದು ಸಿಕ್ಕರೆ ಸಾಕು.

ಹಾಗಾಗಿ ಹೆಡ್ ಇಳಿಸುವ ಮುಂಚೆಯೇ ರೇಡಿಯೇಟರ್ ಫ್ಯಾನ್ ಸರಿಯಾದ ಹೊತ್ತಿಗೆ ತಿರುಗುತ್ತದೆಯೇ ನೋಡಿಸಿ. ಲಾರಿ ಹಿಂದೆ ತೆವಳುವಾಗ ಎದುರುಗಾಳಿ ಇರುವುದಿಲ್ಲ, ಫ್ಯಾನೇ ಗತಿ. ಅದರ ರಿಲೇ, ತರ್ಮೋಸ್ಟಾಟ್, ವಾಟರ್ ಪಂಪ್, ಹೋಸ್‌ಗಳನ್ನೂ ನೋಡಲಿ. ರೇಡಿಯೇಟರ್ ಅಥವಾ ಕೂಲೆಂಟ್ ಡಬ್ಬಿಯ ಮುಚ್ಚಳವನ್ನು ಮರೆಯಬೇಡಿ. ಅದು ಒತ್ತಡ ಹಿಡಿದಿಟ್ಟಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಸತ್ತರೆ ಬೇಗ ಕುದಿದು ಹೊರಗೆ ಉಕ್ಕುತ್ತದೆ. ಎಷ್ಟು ಕಡಿಮೆ ದುಡ್ಡಿನ ಸಾಮಾನು ಅದು, ಅಲ್ವಾ? ನೀವು ಇಷ್ಟು ದಿನ ಯಾವ ನೀರು ಹಾಕುತ್ತಿದ್ದಿರಿ ಅಂತ ಬರೆದಿಲ್ಲ. ಬೋರ್‌ವೆಲ್ ನೀರಾದರೆ ರೇಡಿಯೇಟರ್ ಒಳಗೆ ಉಪ್ಪು ಕಟ್ಟಿರುತ್ತದೆ, ಅದನ್ನು ಬಿಚ್ಚಿ ತೊಳೆಸಲೇಬೇಕು.

ಇನ್ನು ಹೆಡ್. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬೋಲ್ಟ್‌ಗಳನ್ನು ಹೊರಗಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹೆಡ್ ಇಳಿಸುವ ದಿನ ನೀವು ಗ್ಯಾರೇಜಿನಲ್ಲೇ ಇರಿ. ಹಳೆ ಗ್ಯಾಸ್ಕೆಟ್ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಎಲ್ಲಿ ಸೋರಿದೆಯೋ ಅಲ್ಲಿ ಸಿಲಿಂಡರ್ ಉಂಗುರದಿಂದ ನೀರಿನ ತೂತಿನವರೆಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಆಮೇಲೆ ಚೆನ್ನಾಗಿ ಒರೆಸಿದ ಹೆಡ್ ಮೇಲೆ ಸ್ಟೀಲಿನ ನೇರಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಲಿ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಅದರಡಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ಸ್ಟೀಲಿನ ಎಲೆ) ತೂರಿಸಿ ನೋಡಲಿ. ಆ ಎಲೆ ನಿಮ್ಮ ತಲೆಕೂದಲಿನಷ್ಟು ತೆಳ್ಳಗಿರುತ್ತದೆ. ಸಿಕ್ಕಿಕೊಂಡರೆ ಒಳ್ಳೆಯದು. ಸಲೀಸಾಗಿ ಜಾರಿ ಒಳಗೆ ಹೋದರೆ ಹೆಡ್ ಸೊಟ್ಟಗಿದೆ, ಲೇತ್‌ನವರ ಹತ್ತಿರ ಹೋಗಬೇಕು. ಅಲ್ಲಿ ಮೊದಲು ಗಾಳಿ ತುಂಬಿ ಬಿಸಿನೀರಿನಲ್ಲಿ ಮುಳುಗಿಸಿ ಬಿರುಕು ಇದೆಯೇ ನೋಡಿಸಿ. ಫೇಸಿಂಗ್, ಅಂದರೆ ಮೇಲ್ಮೈ ಕೆರೆದು ಸಮ ಮಾಡುವುದು, ಆಮೇಲೆ. ಡೀಸೆಲ್ ಹೆಡ್ಡನ್ನು ಬೇಕಾದಷ್ಟು ಕೆರೆಯುವ ಹಾಗಿಲ್ಲ, ಕೆಲವು ಹೆಡ್ ಕೆರೆಯಲು ಕಂಪನಿ ಒಪ್ಪುವುದೇ ಇಲ್ಲ. ಈ ಇಂಜಿನ್‌ನ ಸರ್ವಿಸ್ ಪುಸ್ತಕದಲ್ಲಿರುವ ಅಳತೆ ಮೀರಬಾರದು. ಮೀರಿದರೆ ಆಗ ಬೇರೆ ಹೆಡ್ ಹುಡುಕಿ, ಅದಕ್ಕೂ ಇದೇ ಟೆಸ್ಟ್ ಮಾಡಿಸಿ.

ಹೊಸ ಗ್ಯಾಸ್ಕೆಟ್ ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಡೀಸೆಲ್ ಗ್ಯಾಸ್ಕೆಟ್‌ಗಳ ಅಂಚಿನಲ್ಲಿ ದಪ್ಪ ಗುರುತಿಸಲು ತೂತು ಅಥವಾ ಕಚ್ಚು ಇದ್ದರೆ ಅದು ತಾಳೆಯಾಗಬೇಕು. ಪದರ ಸ್ಟೀಲಿನ ಗ್ಯಾಸ್ಕೆಟ್‌ಗೆ ಯಾವ ಪೇಸ್ಟೂ ಬೇಡ. ಹೆಡ್ ಬೋಲ್ಟ್ ಹೊಸದೇ ಹಾಕಿಸಿ. ಅವು ಬಿಗಿಯುವಾಗ ಎಳೆದುಕೊಂಡು ಉದ್ದವಾಗುವ ಬೋಲ್ಟ್‌ಗಳು, ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು, ಬಿಗಿದಾಗ ಬ್ಲಾಕ್ ಸೀಳಬಹುದು. ಬಿಗಿಯುವುದು ನಡುವಿನಿಂದ ಹೊರಕ್ಕೆ, ಮೊದಲು ಬಿಗಿತ ಅಳೆಯುವ ಟಾರ್ಕ್ ರೆಂಚ್, ಆಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು ಅನ್ನುವ ಕೋನದ ಲೆಕ್ಕ. ಕೈ ಅಂದಾಜಿನಲ್ಲಿ ಬಿಗಿಯುವವರ ಹತ್ತಿರ ಈ ಕೆಲಸ ಕೊಡಬೇಡಿ. ಬ್ಲಾಕ್‌ನ ಮೇಲ್ಮೈಗೆ ಉಜ್ಜುವ ಡಿಸ್ಕ್ ಹಾಕಲೂ ಬಿಡಬೇಡಿ. ಆ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿಂದುಹಾಕುತ್ತದೆ.

ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬ ಟ್ಯಾಕ್ಸಿ ಚಾಲಕರು ದುಡ್ಡಿಲ್ಲ ಅಂತ ಕೈಮುಗಿದರು. ಅವರಿಗೆ ಉಳಿತಾಯವಾಗಲಿ ಅಂತ ಲೇತ್‌ಗೆ ಕಳಿಸದೆ, ಹಳೆ ಬೋಲ್ಟೇ ಹಾಕಿ ಗಾಡಿ ಕೊಟ್ಟೆ. ಇಪ್ಪತ್ತು ದಿನಕ್ಕೆ ಗಾಡಿ ಟೋ ಆಗಿ ಬಂತು. ಎರಡನೇ ಸಲ ನನ್ನ ಖರ್ಚಿನಲ್ಲೇ ಮಾಡಿಕೊಟ್ಟೆ. ಆದರೆ ಅವರು ಕಳೆದುಕೊಂಡ ಬಾಡಿಗೆಯನ್ನು ನಾನು ವಾಪಸ್ ಕೊಡಲಾಗಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

14 ಸಾವಿರದವರನ್ನು ಕೇಳಿ: ಅದರಲ್ಲಿ ಹೊಸ ಬೋಲ್ಟ್, ಹೆಡ್ ಟೆಸ್ಟ್, ಆಯಿಲ್, ಕೂಲೆಂಟ್ ಸೇರಿದೆಯೇ? ಸೇರಿಲ್ಲದಿದ್ದರೆ ಬಿಲ್ ಏರುತ್ತದೆ, ಅದು ನ್ಯಾಯವಾದ ಏರಿಕೆ. 70 ಸಾವಿರದವರನ್ನು ಕೇಳಿ: ಹೆಡ್ ಬಿಚ್ಚದೆ ಅದು ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು? ಟರ್ಬೋ ಯಾಕೆ? ಆಯಿಲ್ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತೆ ಆಗಿಲ್ಲದಿದ್ದರೆ ಟರ್ಬೋ ಬಹುಮಟ್ಟಿಗೆ ಕ್ಷೇಮ. ಆಗಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೋ ಶಾಫ್ಟ್ ತೆಳು ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ, ನೀರು ಬೆರೆತರೆ ಆ ಪದರ ಉಳಿಯುವುದಿಲ್ಲ. ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿ, ರೆಕ್ಕೆ ಗೋಡೆಗೆ ತಾಗದಿದ್ದರೆ ಬದಲಿಸಬೇಡಿ. ಆಯಿಲ್‌ಗೆ ನೀರು ಬೆರೆತಿದ್ದರೆ ರಿಪೇರಿ ಆದ 500 ಕಿ.ಮೀ.ಗೆ ಮತ್ತೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿ.

ರಿಪೇರಿ ಆಗುವವರೆಗೆ ಬಾಡಿಗೆಗೆ ಹೋಗಬೇಡಿ, ಒಂದು ದಿನವೂ.

ಪ್ರಶ್ನೆ: ರೇಡಿಯೇಟರ್‌ಗೆ ಅರಿಶಿನ ಹಾಕಿದರೆ ಸೋರಿಕೆ ನಿಲ್ಲುತ್ತದೆ ಅಂತಾರೆ. ಗ್ಯಾಸ್ಕೆಟ್‌ಗೂ ನಡೆಯುತ್ತದೆಯೇ?
(ಕೋಲಾರದ ಓದುಗರು)

ಉತ್ತರ: ಇಲ್ಲ. ರೇಡಿಯೇಟರ್‌ನ ಸೂಜಿ ತೂತು ಸ್ವಲ್ಪ ದಿನ ಮುಚ್ಚಬಹುದು. ಸಿಲಿಂಡರ್‌ನ ಒತ್ತಡದ ಮುಂದೆ ಅರಿಶಿನವೂ ನಿಲ್ಲುವುದಿಲ್ಲ, ಅಂಗಡಿಯ ಪುಡಿಯೂ ನಿಲ್ಲುವುದಿಲ್ಲ. ಆ ಪುಡಿ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲಿ, ಹೀಟರ್‌ನಲ್ಲಿ ಕೂತು ಇರುವ ದಾರಿಯನ್ನೂ ಕಟ್ಟುತ್ತದೆ. ಆಗಲೇ ಹಾಕಿದ್ದರೆ ಮೆಕ್ಯಾನಿಕ್‌ಗೆ ಮುಚ್ಚಿಡದೆ ಹೇಳಿ, ತೊಳೆಯಲು ಅನುಕೂಲ.

ಪ್ರಶ್ನೆ: ಘಾಟಿಯಲ್ಲಿ ಬಿಸಿ ಏರಿದರೆ ತಕ್ಷಣ ಏನು ಮಾಡಬೇಕು?
(ಮೂಡಿಗೆರೆಯ ಓದುಗರು)

ಉತ್ತರ: ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ, ಇಂಜಿನ್‌ನ ಬಿಸಿ ಅಷ್ಟು ಒಳಗೆ ಬರುತ್ತದೆ. ಮೊದಲು ಸಿಕ್ಕ ಜಾಗದಲ್ಲಿ ನಿಲ್ಲಿಸಿ. ಹಬೆ ಬರುತ್ತಿದ್ದರೆ, ನೀರು ಖಾಲಿ ಅನ್ನಿಸಿದರೆ ಕೂಡಲೇ ಇಂಜಿನ್ ಆರಿಸಿ. ಮುಚ್ಚಳ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಒಂದು ಗಂಟೆಯಾದರೂ ಕಾಯಿರಿ. ತಣ್ಣಗಾದ ಮೇಲೆ ನಿಧಾನಕ್ಕೆ ನೀರು ತುಂಬಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಸುರಿದ ನೀರು ಕೆಳಗೆ ಸೋರುತ್ತಿದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಗಾಡಿ ಕರೆಸಿ.