ಓದುಗರ ಪ್ರಶ್ನೆ: ಮಗ್ಗಲು ಹೊರಳಿಸುವ ಕೈಗಳು ಬದಲಾದಾಗ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇವೆ. ಹಾಸಿಗೆ ಹಿಡಿದ ಹಿರಿಯರನ್ನು ವರ್ಷಗಟ್ಟಲೆ ನೋಡಿಕೊಳ್ಳುವುದು ಹೇಗೆ, ಯಾರು, ಎಷ್ಟು ದಿನ ಎಂಬುದೇ ಆ ವಿಷಯ. ಹಾಗಾಗಿ ಈ ತಿಂಗಳ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಬಿಟ್ಟಿದ್ದೇನೆ.

ನಮ್ಮ ತಂದೆಯವರಿಗೆ 78 ವರ್ಷ. ಎರಡು ವರ್ಷಗಳ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮನೆಯಲ್ಲಿ ಹೋಮ್ ನರ್ಸ್ ಇಟ್ಟುಕೊಂಡಿದ್ದೇವೆ. ಎಂಟು ತಿಂಗಳಲ್ಲಿ ಏಜೆನ್ಸಿಯವರು ಐವರನ್ನು ಬದಲಿಸಿದ್ದಾರೆ. ಈಗ ತಂದೆಯವರ ಟೊಂಕದ ಕೆಳಗೆ ಹುಣ್ಣಾಗಿದೆ. ನಮ್ಮಿಂದ ಏನು ತಪ್ಪಾಯಿತು? ಯಾವುದಾದರೂ ಆರೈಕೆ ಕೇಂದ್ರಕ್ಕೆ ಸೇರಿಸುವುದು ಒಳ್ಳೆಯದೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಮೊದಲು ಹುಣ್ಣಿನ ಮಾತು. ಇಷ್ಟರಲ್ಲಿ ನೀವು ವೈದ್ಯರಿಗೆ ತೋರಿಸಿರಬಹುದು. ತೋರಿಸಿರದಿದ್ದರೆ ಇಂದೇ ತೋರಿಸಿ. ಹುಣ್ಣು ಕಪ್ಪಾಗಿದ್ದರೆ, ವಾಸನೆ ಬರುತ್ತಿದ್ದರೆ ಅಥವಾ ಜ್ವರವಿದ್ದರೆ ಒಂದು ದಿನವೂ ತಡಮಾಡಬಾರದು.

ಐವರು ಬದಲಾದರು ಎಂಬುದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗಿದ್ದೀರಿ. ನನ್ನ ಕಣ್ಣು ಆ ಸಾಲಿನಲ್ಲೇ ನಿಂತಿತು. ದೀರ್ಘಕಾಲದ ಆರೈಕೆಯ ಬಗ್ಗೆ ಅಧ್ಯಯನ ಮಾಡುವವರು ಈಚಿನ ವರ್ಷಗಳಲ್ಲಿ ಹೆಚ್ಚು ಗಮನ ಕೊಡುತ್ತಿರುವ ಸಂಗತಿಗಳಲ್ಲಿ ಇದೂ ಒಂದು. ಅಮೆರಿಕದ ಆರೈಕೆ ಕೇಂದ್ರಗಳು 2016ರಿಂದ ತಮ್ಮ ಸಿಬ್ಬಂದಿಯ ಸಂಬಳದ ಲೆಕ್ಕವನ್ನು ದಿನವಾರು ಸರ್ಕಾರಕ್ಕೆ ಕೊಡಬೇಕಾಗಿದೆ. 2017 ಮತ್ತು 2018ರ ಆ ಲೆಕ್ಕವನ್ನು ತೆಗೆದು ನೋಡಿದಾಗ, ಶುಶ್ರೂಷೆಯ ಸಿಬ್ಬಂದಿ ಕೆಲಸ ಬಿಟ್ಟುಹೋಗುವ ಪ್ರಮಾಣ ವರ್ಷಕ್ಕೆ ಸರಾಸರಿ ಶೇಕಡಾ 128ರಷ್ಟಿತ್ತು. ನೂರು ಹುದ್ದೆಗಳಿದ್ದ ಕಡೆ ವರ್ಷ ತುಂಬುವುದರೊಳಗೆ ನೂರಕ್ಕಿಂತ ಹೆಚ್ಚು ಸಲ ಯಾರೋ ಒಬ್ಬರು ಬಿಟ್ಟುಹೋದರು, ಅಂದರೆ ಕೆಲವು ಹುದ್ದೆಗಳಲ್ಲಿ ಎರಡು ಮೂರು ಸಲ ಜನ ಬದಲಾದರು ಎಂದು ಇದರ ಅರ್ಥ. ಗುಣಮಟ್ಟದಲ್ಲಿ ಕಡಿಮೆ ಅಂಕ ಪಡೆದ ಕೇಂದ್ರಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚಿತ್ತು. ಜನ ಬಿಟ್ಟುಹೋಗುವುದರಿಂದ ಆರೈಕೆ ಕೆಡುತ್ತದೆಯೋ, ಕೆಟ್ಟ ಜಾಗವೆಂದೇ ಜನ ಬಿಟ್ಟುಹೋಗುತ್ತಾರೆಯೋ ಎಂಬುದನ್ನು ಈ ಲೆಕ್ಕವೊಂದೇ ಬಿಡಿಸಿ ಹೇಳುವುದಿಲ್ಲ. ಎರಡೂ ನಿಜವಿರಬಹುದೆಂದು ನನ್ನ ಅನಿಸಿಕೆ.

ಇದರ ಒಳಗುಟ್ಟು ನನಗೆ ತಿಳಿದದ್ದು ಧಾರವಾಡದ ಒಂದು ಮನೆಯಲ್ಲಿ. ಅಲ್ಲಿ ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಒಬ್ಬ ಅಜ್ಜನನ್ನು ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದಳು. ಮಗ್ಗಲು ಹೊರಳಿಸುವ ಮುಂಚೆ "ಅಜ್ಜಾರ, ಈಗ ಕಿಟಕಿ ಕಡೆ ಹೊಳ್ಳೋಣು" ಎಂದು ಪ್ರತಿಸಲವೂ ಹೇಳುತ್ತಿದ್ದಳು. ಆಚೆಯ ಮೊಳಕಾಲನ್ನು ಮಡಚಿ, ಒಂದು ಕೈ ಹೆಗಲಿಗೆ, ಇನ್ನೊಂದು ಕೈ ಟೊಂಕಕ್ಕೆ ಕೊಟ್ಟು ತನ್ನ ಕಡೆಗೆ ನಿಧಾನವಾಗಿ ಹೊರಳಿಸಿ, ಬೆನ್ನಿಗೊಂದು, ಮೊಳಕಾಲುಗಳ ನಡುವೆ ಒಂದು ದಿಂಬು ಇಟ್ಟು, ಕೆಳಗಿನ ಕೌದಿಯನ್ನು ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತಿದ್ದಳು. ಕೊನೆಗೆ ಹಿಮ್ಮಡಿಯನ್ನೂ ಟೊಂಕದ ಎಲುಬನ್ನೂ ನೋಡಿ, ಕೆಂಪಾದ ಜಾಗವಿದ್ದರೆ ಬೆರಳಿನಿಂದ ಒತ್ತುತ್ತಿದ್ದಳು. ಒತ್ತಿದಾಗ ಕೆಂಪು ಮಾಯವಾಗಿ ಮತ್ತೆ ಬಂದರೆ ಚರ್ಮ ಇನ್ನೂ ಚೆನ್ನಾಗಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ನಮ್ಮ ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆದ್ದರಿಂದ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ನಿನ್ನೆ ಆ ಜಾಗ ಹೇಗಿತ್ತು ಎಂದು ತಿಳಿದವಳು ಮಾತ್ರ ಇಂದಿನ ವ್ಯತ್ಯಾಸವನ್ನು ಹಿಡಿಯಬಲ್ಲಳು. ಐದನೆಯವಳಾಗಿ ನಿನ್ನೆ ಸಂಜೆ ನಿಮ್ಮ ಮನೆಗೆ ಬಂದವಳಿಗೆ ಆ ನಿನ್ನೆಯೇ ಇಲ್ಲ.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ನಿಮಗೆ ಹೇಳಿರುತ್ತಾರೆ. ಅಮೆರಿಕ ಮತ್ತು ಕೆನಡಾದ 27 ಆರೈಕೆ ಕೇಂದ್ರಗಳಲ್ಲಿ 942 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು, ಮೂರು ಮತ್ತು ನಾಲ್ಕು ತಾಸಿಗೊಮ್ಮೆ ಹೊರಳಿಸಿದ ಗುಂಪುಗಳ ನಡುವೆ ಹುಣ್ಣಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಅವರೆಲ್ಲ ಒತ್ತಡ ಹಂಚುವ ದಪ್ಪ ಫೋಮ್ ಹಾಸಿಗೆಯ ಮೇಲಿದ್ದರು, ಮತ್ತು ಪ್ರತಿಸಲವೂ ಚರ್ಮವನ್ನು ನೋಡಿ ಬರೆದಿಡಲಾಗುತ್ತಿತ್ತು. ಅರಳೆಯ ಗಾದಿಯ ಮೇಲೆ ಮಲಗಿರುವವರಿಗೆ, ಅದರಲ್ಲೂ ಈಗಾಗಲೇ ಹುಣ್ಣಾದವರಿಗೆ, ಈ ಸಡಿಲಿಕೆ ಅನ್ವಯಿಸುವುದಿಲ್ಲ. ಹಾಸಿಗೆ ಬದಲಿಸಲು ಶಕ್ತಿಯಿದ್ದರೆ ಅದು ದಂಡವಾಗದ ಖರ್ಚು.

ಏಜೆನ್ಸಿಯವರನ್ನು ದೂರುವ ಮುಂಚೆ ಒಂದು ಪ್ರಶ್ನೆಯನ್ನು ಮನೆಯಲ್ಲೇ ಕೇಳಿಕೊಳ್ಳಿ: ಬಂದವರು ಏಕೆ ಹೋದರು? ಅವರ ಡ್ಯೂಟಿ ಎಷ್ಟು ತಾಸಿನದು? 24 ತಾಸು ಎಂದಾದರೆ ಅವರು ಮಲಗುವುದು ಯಾವಾಗ, ಎಲ್ಲಿ? ವಾರದ ರಜೆ ಉಂಟೇ? ನೀವು ಕೊಡುವ ಹಣದಲ್ಲಿ ಅವರ ಕೈಗೆ ಸೇರುವುದೆಷ್ಟು? ನಾನು ಮಾತನಾಡಿಸಿದ ಹಲವು ಹೆಣ್ಣುಮಕ್ಕಳಿಗೆ ಸಂಬಳಕ್ಕಿಂತ ನಿದ್ದೆಯ ಕೊರತೆಯೇ ಕೆಲಸ ಬಿಡಲು ಕಾರಣವಾಗಿತ್ತು. ರಾತ್ರಿಯ ಎರಡು ಸಲದ ಹೊರಳಿಕೆಯನ್ನು ಮನೆಯವರು ವಹಿಸಿಕೊಂಡರೆ, ಭಾನುವಾರ ರಜೆ ಕೊಟ್ಟರೆ, ಆರನೆಯವಳು ಉಳಿಯುವ ಸಾಧ್ಯತೆ ಹೆಚ್ಚು. ಬದಲಾವಣೆ ಆಗಲೇಬೇಕೆಂದರೆ ಹೋಗುವವರೂ ಬರುವವರೂ ಒಂದು ದಿನ ಜೊತೆಯಲ್ಲಿರಬೇಕೆಂದು ಕರಾರು ಮಾಡಿಕೊಳ್ಳಿ. ಇನ್ನೂರು ಪುಟದ ಒಂದು ನೋಟ್‌ಬುಕ್ ಹಾಸಿಗೆಯ ಪಕ್ಕ ಇರಲಿ. ಯಾವ ಹೊತ್ತಿಗೆ ಯಾವ ಮಗ್ಗಲು, ಚರ್ಮ ಹೇಗಿತ್ತು, ಎಷ್ಟು ಉಂಡರು, ಎಷ್ಟು ನೀರು ಕುಡಿದರು ಎಂಬುದನ್ನು ಅದರಲ್ಲಿ ಬರೆದಿಟ್ಟರೆ ಜನ ಬದಲಾದರೂ ನಿನ್ನೆಯ ಸಂಗತಿ ಮನೆಯಲ್ಲೇ ಉಳಿಯುತ್ತದೆ.

ಕೇಂದ್ರಕ್ಕೆ ಸೇರಿಸುವ ವಿಚಾರ. 2001ರಲ್ಲಿ ಅಮೆರಿಕದ ಸರ್ಕಾರಕ್ಕೆ ಸಲ್ಲಿಕೆಯಾದ ಒಂದು ವರದಿಯು ದೀರ್ಘಕಾಲ ಇರುವ ಪ್ರತಿಯೊಬ್ಬರಿಗೂ ದಿನಕ್ಕೆ ಒಟ್ಟು 4.1 ತಾಸಿನಷ್ಟು ಶುಶ್ರೂಷೆ ಬೇಕು, ಅದರಲ್ಲಿ 2.8 ತಾಸು ಸಹಾಯಕಿಯರದು, ಅದಕ್ಕಿಂತ ಕಡಿಮೆಯಾದರೆ ಆರೈಕೆ ಕೆಡುವ ಅಪಾಯ ಹೆಚ್ಚು ಎಂದು ಹೇಳಿತ್ತು. ಅದೇ ಲೆಕ್ಕ ಹಿಡಿದರೆ ಹಾಸಿಗೆ ಹಿಡಿದ 30 ಜನರಿರುವ ಕೇಂದ್ರದಲ್ಲಿ ದಿನಕ್ಕೆ 123 ತಾಸು, ಅಂದರೆ ಒಬ್ಬರಿಗೆ ಎಂಟು ತಾಸಿನ ಪಾಳಿಯಂತೆ ದಿನವಿಡೀ ಸೇರಿ 15ರಿಂದ 16 ಜನ ಬೇಕು. ನೀವು ನೋಡಲು ಹೋದಲ್ಲಿ ಕಟ್ಟಡ ಮತ್ತು ತೋಟವನ್ನು ನೋಡಿ ಮರುಳಾಗಬೇಡಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಅವರಲ್ಲಿ ಒಂದು ವರ್ಷ ದಾಟಿದವರೆಷ್ಟು ಎಂದು ಕೇಳಿ. ಉತ್ತರ ಕೊಡಲು ಹಿಂಜರಿಯುವ ಕಡೆ ತಂದೆಯವರನ್ನು ಬಿಡಬೇಡಿ.

ನಮ್ಮ ಅತ್ತೆಯವರಿಗೆ ಮರೆವಿನ ಕಾಯಿಲೆ. ರಾತ್ರಿ ಎದ್ದು ಅಗಳಿ ತೆಗೆದು ಹೊರಗೆ ಹೋಗುತ್ತಾರೆ. ನಾಲ್ಕು ವರ್ಷದಿಂದ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಭಾವ, ನೆಗೆಣ್ಣಿ ಹಬ್ಬಕ್ಕೆ ಬಂದು ಸಲಹೆ ಕೊಟ್ಟು ಹೋಗುತ್ತಾರೆ. ಒಮ್ಮೊಮ್ಮೆ ಅತ್ತೆಯವರನ್ನು ಗದರಿಸಿ ಆಮೇಲೆ ಅಳುತ್ತೇನೆ. ನಾನು ಕೆಟ್ಟವಳೇ?
— ಹೆಸರು ಬೇಡ, ಬ್ಯಾಡಗಿ ತಾಲ್ಲೂಕು

ಅಲ್ಲ, ತಂಗಿ. ನೀವು ದಣಿದವರು.

ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಶಿಯಾ ಎಂಬ ಈ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಹೆಚ್ಚಿನವರ ಹಿಂದೆ ನಿಮ್ಮಂಥ ಒಬ್ಬ ಸೊಸೆಯೋ ಮಗಳೋ ಹೆಂಡತಿಯೋ ಇರುತ್ತಾರೆ. ಅವರ ಹೆಸರು ಯಾವ ಸಂಬಳದ ಪಟ್ಟಿಯಲ್ಲಿಯೂ ಇಲ್ಲ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ದಿನಕ್ಕೆ 134 ನಿಮಿಷವನ್ನೂ ಗಂಡಸರು 76 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ. ಇದು ಸಣ್ಣ ಮಕ್ಕಳಿಂದ ಹಿಡಿದು ಎಲ್ಲ ಬಗೆಯ ಆರೈಕೆಯೂ ಸೇರಿದ ಸರಾಸರಿ. ಅಗಳಿಯ ಸಪ್ಪಳಕ್ಕೆ ಎಚ್ಚರವಾಗುವ ನಿಮ್ಮ ರಾತ್ರಿಗಳು ಇದರಲ್ಲಿ ಎಲ್ಲಿ ಹಿಡಿಸಬೇಕು?

ಹಿರಿಯ ದಂಪತಿಗಳ ಮೇಲೆ ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ಎಂದೂ ಮರೆತಿಲ್ಲ. ಬಾಳಸಂಗಾತಿಯ ಆರೈಕೆ ಮಾಡುತ್ತಾ ಅದರಿಂದ ಬಳಲಿಕೆ ಅನುಭವಿಸಿದವರು ನಾಲ್ಕು ವರ್ಷಗಳಲ್ಲಿ ಸಾಯುವ ಸಾಧ್ಯತೆ, ಆರೈಕೆಯ ಹೊಣೆಯಿಲ್ಲದ ಅದೇ ವಯಸ್ಸಿನವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ಆರೈಕೆ ಮಾಡಿಯೂ ಬಳಲದವರಲ್ಲಿ ಈ ಏರಿಕೆ ಕಾಣಲಿಲ್ಲ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಭಾವನವರಿಗೆ ಓದಿ ಹೇಳಲೆಂದು ಬರೆಯುತ್ತಿದ್ದೇನೆ. ಆರೈಕೆಗಿಂತ ಅದನ್ನು ಒಬ್ಬರೇ ಹೊರುವುದು ಹೆಚ್ಚು ಅಪಾಯಕಾರಿ ಎಂಬುದು ನಾನು ಇದರಿಂದ ತೆಗೆದುಕೊಂಡ ತಿಳಿವಳಿಕೆ.

ಹೊರೆ ಇಳಿಸಬಹುದು ಎಂಬುದಕ್ಕೂ ಸಾಕ್ಷ್ಯವಿದೆ. ನ್ಯೂಯಾರ್ಕಿನಲ್ಲಿ ಆಲ್ಝೈಮರ್ (ಡಿಮೆನ್ಶಿಯಾದ ಒಂದು ಬಗೆ) ರೋಗಿಗಳ 406 ಬಾಳಸಂಗಾತಿಗಳನ್ನು ಕುರಿತು ವರ್ಷಗಳ ಕಾಲ ನಡೆದ ಪ್ರಯೋಗವೊಂದರಲ್ಲಿ, ಆಪ್ತಸಲಹೆ ಪಡೆದ ಕುಟುಂಬಗಳು ರೋಗಿಯನ್ನು ಕೇಂದ್ರಕ್ಕೆ ಸೇರಿಸುವ ದಿನ ಸುಮಾರು 557 ದಿನಗಳಷ್ಟು ಮುಂದಕ್ಕೆ ಹೋಯಿತು. ಅಲ್ಲಿ ಮಾಡಿದ್ದು ಇಷ್ಟೇ: ಆರೈಕೆ ಮಾಡುವವರ ಜೊತೆ ಎರಡು ಸಲ, ಇಡೀ ಕುಟುಂಬವನ್ನು ಕೂರಿಸಿಕೊಂಡು ನಾಲ್ಕು ಸಲ ಮಾತುಕತೆ, ಆಮೇಲೆ ಬೇಕೆಂದಾಗ ಫೋನು ಮತ್ತು ಇಂಥದ್ದೇ ಕಷ್ಟದಲ್ಲಿರುವವರ ಒಂದು ಗುಂಪು. ನಮ್ಮ ನೆರೆಯ ಗೋವಾದಲ್ಲಿ 81 ಕುಟುಂಬಗಳ ಜೊತೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿಯೂ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ತಿಳಿವಳಿಕೆ ಮತ್ತು ಧೈರ್ಯ ಕೊಟ್ಟದ್ದರಿಂದ ಆರೈಕೆ ಮಾಡುವವರ ಮಾನಸಿಕ ಆರೋಗ್ಯ ಸುಧಾರಿಸಿತು.

ಆದ್ದರಿಂದ ಮುಂದಿನ ಹಬ್ಬಕ್ಕೆ ಎಲ್ಲರೂ ಸೇರಿದಾಗ ಊಟದ ನಂತರ ಒಂದು ತಾಸು ಕೂರಿಸಿ. ಸಲಹೆ ಕೇಳಬೇಡಿ, ದಿನಗಳನ್ನು ಕೇಳಿ: ತಿಂಗಳಿಗೆ ಯಾವ ನಾಲ್ಕು ರಾತ್ರಿ ಯಾರು ಬಂದು ಮಲಗುತ್ತಾರೆ, ಅದಾಗದಿದ್ದರೆ ಆ ನಾಲ್ಕು ರಾತ್ರಿಗೆ ಒಬ್ಬ ಆಯಾಳ ಹಣವನ್ನು ಯಾರು ಕೊಡುತ್ತಾರೆ. ಅತ್ತೆಯವರನ್ನು ಒಮ್ಮೆ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ, ಹೋದಾಗ ನಿಮ್ಮ ನಿದ್ದೆ ಮತ್ತು ಅಳುವಿನ ವಿಷಯವನ್ನೂ ಅಲ್ಲೇ ಹೇಳಿ. ಗಲಿಬಿಲಿ ಒಮ್ಮೆಲೇ ಹೆಚ್ಚಾದರೆ ಮೂತ್ರದ ಸೋಂಕಿನಂಥ ಕಾರಣವಿರಬಹುದು, ಅದಕ್ಕೆ ತಕ್ಷಣ ಚಿಕಿತ್ಸೆ ಬೇಕು. ಅಗಳಿಯನ್ನು ಬಾಗಿಲ ತುದಿಗೆ, ಕಣ್ಣಿಗೆ ಬೀಳದಷ್ಟು ಮೇಲೆ ಹಾಕಿಸಿ. ಒಂದು ಗೆಜ್ಜೆ ಕಟ್ಟಿದರೂ ಸಾಕು, ಸಪ್ಪಳಕ್ಕೆ ಎಚ್ಚರವಾಗುತ್ತದೆ.

ಜಪಾನಿನಲ್ಲಿ ಮುದುಕರ ಆರೈಕೆಗೆ ಬೇರೆಯೇ ವಿಮೆ ಇದೆಯಂತೆ. ನಮ್ಮ ಆಯುಷ್ಮಾನ್ ಕಾರ್ಡಿನಲ್ಲಿ ಮನೆ ಆರೈಕೆಯ ಖರ್ಚು ಸಿಗುತ್ತದೆಯೇ?
— ನಿವೃತ್ತ ಶಿಕ್ಷಕರು, ಗದಗ

ಸಿಗುವುದಿಲ್ಲ. 70 ದಾಟಿದ ಎಲ್ಲರಿಗೂ 2024ರ ಅಕ್ಟೋಬರ್‌ನಿಂದ ವಿಸ್ತರಿಸಿರುವ ಆ ಯೋಜನೆ ಆಸ್ಪತ್ರೆಯ ದಾಖಲಾತಿಗೆ ಸಂಬಂಧಿಸಿದ್ದು. ಜಪಾನ್ 2000ದಲ್ಲಿ ಆರಂಭಿಸಿದ ವಿಮೆಗೆ 40 ವರ್ಷ ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ಅರ್ಜಿದಾರರ ಅಗತ್ಯವನ್ನು ಏಳು ಹಂತಗಳಲ್ಲಿ ಅಳೆದು ಅದಕ್ಕೆ ತಕ್ಕ ಸೇವೆ ಕೊಡುತ್ತಾರೆ, ಹೆಚ್ಚಿನವರು ವೆಚ್ಚದ ಹತ್ತರಲ್ಲೊಂದು ಪಾಲನ್ನು ಕೈಯಿಂದ ಕೊಡುತ್ತಾರೆ. ಜರ್ಮನಿ 1995ರಲ್ಲೂ ದಕ್ಷಿಣ ಕೊರಿಯಾ 2008ರಲ್ಲೂ ಇಂಥ ವಿಮೆಯನ್ನು ಜಾರಿಗೆ ತಂದವು. ನಮ್ಮಲ್ಲಿ ಸದ್ಯಕ್ಕೆ ಇರುವುದು 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ಮಾಹಿತಿ ಮತ್ತು ನೆರವಿಗೆ ಹಿರಿಯರ ಸಹಾಯವಾಣಿ 14567 ಇದೆ.

ನಾನು ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿನಿ. ವೃದ್ಧಾಶ್ರಮಗಳ ಗುಣಮಟ್ಟದ ಮೇಲೆ ಪ್ರಬಂಧ ಬರೆಯಬೇಕೆಂದಿದ್ದೇನೆ. ಏನನ್ನು ಅಳೆಯಬೇಕು?
— ವಿದ್ಯಾರ್ಥಿನಿ, ಧಾರವಾಡ

ಅವೆಡಿಸ್ ಡೊನಬೀಡಿಯನ್ ಎಂಬ ವಿದ್ವಾಂಸರು 1966ರಲ್ಲಿ ಮಾಡಿದ ವಿಂಗಡಣೆ ಇಂದಿಗೂ ಉಪಯುಕ್ತ: ಇರುವ ಸೌಕರ್ಯ ಮತ್ತು ಜನ, ನಡೆಯುವ ಕೆಲಸ, ಕೊನೆಗೆ ಆಗುವ ಫಲ. ಕೊಠಡಿ, ಮಂಚ, ಶೌಚಾಲಯಗಳನ್ನು ಎಣಿಸುವುದು ಸುಲಭವಾದ್ದರಿಂದ ವಿದ್ಯಾರ್ಥಿಗಳು ಮೊದಲನೆಯದರಲ್ಲೇ ನಿಂತುಬಿಡುತ್ತಾರೆ. ನೀವು ಮೂರನೆಯದರವರೆಗೂ ಹೋಗಿ. ಸ್ನಾನ, ಬಟ್ಟೆ, ಶೌಚ, ಎದ್ದು ಕೂರುವುದು, ಮಲಮೂತ್ರದ ಹಿಡಿತ, ಊಟ ಎಂಬ ಆರು ಕೆಲಸಗಳಲ್ಲಿ ಯಾರಿಗೆ ಎಷ್ಟು ನೆರವು ಬೇಕೆಂದು ನೋಡುವ ಕ್ಯಾಟ್ಜ್ ಅಳತೆ 1963ರಿಂದ ಬಳಕೆಯಲ್ಲಿದೆ. ಅದನ್ನು ಮೊದಲು ಮಾಡದೆ ಎರಡು ಆಶ್ರಮಗಳನ್ನು ಹೋಲಿಸಿದರೆ, ಓಡಾಡುವ ಹಿರಿಯರನ್ನಷ್ಟೇ ಸೇರಿಸಿಕೊಳ್ಳುವ ಕಡೆ ಎಲ್ಲವೂ ಚೆನ್ನಾಗಿ ಕಾಣುತ್ತದೆ, ಹಾಸಿಗೆ ಹಿಡಿದವರನ್ನು ಒಪ್ಪಿಕೊಂಡವರಿಗೆ ಅನ್ಯಾಯವಾಗುತ್ತದೆ. ಅದಾದ ಮೇಲೆ ಹಾಸಿಗೆ ಹುಣ್ಣು, ಬೀಳುವಿಕೆ, ತೂಕ ಇಳಿಯುವುದು, ಮಂಚಕ್ಕೆ ಕಟ್ಟಿಹಾಕುವುದು ಇವುಗಳ ಲೆಕ್ಕ ತೆಗೆಯಿರಿ.

ಸಿಬ್ಬಂದಿಯ ಸಂಖ್ಯೆಯನ್ನು ವ್ಯವಸ್ಥಾಪಕರು ಹೇಳಿದಂತೆ ಬರೆದುಕೊಳ್ಳಬೇಡಿ, ಹಾಜರಿ ಪುಸ್ತಕ ನೋಡಿ. ಅಮೆರಿಕದಲ್ಲಿ ಸಂಬಳದ ಲೆಕ್ಕ ಬಂದ ಮೇಲೆ ಗೊತ್ತಾದದ್ದು, ಶನಿವಾರ ಭಾನುವಾರ ಸಿಬ್ಬಂದಿ ಗಣನೀಯವಾಗಿ ಕಡಿಮೆಯಿರುತ್ತಾರೆ, ತಪಾಸಣೆಯ ಸಮಯದಲ್ಲಿ ಹೆಚ್ಚುತ್ತಾರೆ ಎಂಬುದು. ಆದ್ದರಿಂದ ಅನುಮತಿ ಪಡೆಯುವಾಗಲೇ ಒಂದು ಭಾನುವಾರದ ಸಂಜೆಯನ್ನೂ ಕೇಳಿಕೊಳ್ಳಿ. ಹಿರಿಯರ ಜೊತೆ ಮಾತನಾಡುವಾಗ ವ್ಯವಸ್ಥಾಪಕರು ಪಕ್ಕದಲ್ಲಿ ಇರಬಾರದು, ಒಪ್ಪಿಗೆಯನ್ನು ಹಿರಿಯರಿಂದಲೇ ಪಡೆಯಬೇಕು, ಬೇಡವೆಂದವರನ್ನು ಒತ್ತಾಯಿಸಬಾರದು. ಕೆಲಸದ ಹೆಣ್ಣುಮಕ್ಕಳಿಗೂ ಒಂದು ಪ್ರತ್ಯೇಕ ಪ್ರಶ್ನಾವಳಿ ಇರಲಿ: ಎಷ್ಟು ವರ್ಷದಿಂದ ಇದ್ದಾರೆ, ತರಬೇತಿ ಯಾರು ಕೊಟ್ಟರು, ಎತ್ತಿ ಇಳಿಸುವಾಗ ಎಷ್ಟು ಜನ ಜೊತೆಗಿರುತ್ತಾರೆ, ಬೆನ್ನುನೋವು ಇದೆಯೇ, ರಾತ್ರಿ ಎಷ್ಟು ತಾಸು ಮಲಗುತ್ತಾರೆ. ಆ ಉತ್ತರಗಳನ್ನು ಅದೇ ಆಶ್ರಮದ ಹುಣ್ಣುಗಳ ಲೆಕ್ಕದ ಪಕ್ಕ ಇಟ್ಟು ನೋಡಿ. ಪ್ರಬಂಧ ಮುಗಿದ ಮೇಲೆ ಒಂದು ಪ್ರತಿಯನ್ನು ನನಗೆ ಕಳಿಸಿ, ನಾನು ಅದನ್ನು ಪೂರ್ತಿ ಓದುತ್ತೇನೆ.