ಪ ಒತ್ತು ಮುಗಿಯಿತು

ಪ್ರಿಯ ಡಾಕ್ಟ್ರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ‘ಅವಧಿಪೂರ್ವ ಶಿಶುಗಳಲ್ಲಿ ಪಿತ್ತಾಮ್ಲಗಳ ಚಯಾಪಚಯ’ ತಲುಪಿತು. ಕನ್ನಡಕ್ಕೆ ಹೊಸ ವಿಷಯ, ಶ್ರಮವೂ ಕಾಣುತ್ತದೆ. ಹೊಗಳಿಕೆ ಇಷ್ಟು ಸಾಕು. ಎರಡನೇ ಪ್ಯಾರಾಕ್ಕೆ ಬರುವಾಗ ನನ್ನ ಪಿತ್ತವೇ ನೆತ್ತಿಗೇರಿತು.

‘ಪಿತ್ತಾಮ್ಲಗಳು ಯಕೃತ್ತಿನಲ್ಲಿ ಕೊಲೆಸ್ಟರಾಲಿನಿಂದ ಉತ್ಪಾದಿಸಲ್ಪಟ್ಟು, ಪಿತ್ತಕೋಶದಲ್ಲಿ ಸಂಗ್ರಹಿಸಲ್ಪಟ್ಟು, ಕರುಳಿಗೆ ಬಿಡುಗಡೆಗೊಳಿಸಲ್ಪಡುತ್ತವೆ.’

ಒಂದೇ ವಾಕ್ಯದಲ್ಲಿ ಮೂರು ‘ಲ್ಪ’! ಇದನ್ನೆಲ್ಲ ಮಾಡುವುದು ಯಾರು? ಲಿವರ್ ಮತ್ತು ಪಿತ್ತಕೋಶ ತಾನೇ? ಅವನ್ನೇ ಮುಂದೆ ನಿಲ್ಲಿಸಿ: ‘ಲಿವರ್ ಕೊಲೆಸ್ಟರಾಲಿನಿಂದ ಪಿತ್ತಾಮ್ಲ ತಯಾರಿಸುತ್ತದೆ. ಪಿತ್ತಕೋಶ ಅದನ್ನು ಕೂಡಿಟ್ಟು, ಹಾಲು ಹೊಟ್ಟೆಗಿಳಿದಾಗ ಕರುಳಿಗೆ ಬಿಡುತ್ತದೆ.’

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಪ್ರೆಸ್ಸಿಗೆ ಪ್ರೂಫ್ ತಿದ್ದಲು ಸೇರಿದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ನಾನು ಬರೆದ ಮೊದಲ ಲೇಖನ ಮಳೆಗಾಲದ ರೋಗಗಳ ಮೇಲೆ. ‘ಲ್ಪಡುತ್ತದೆ’ ಎಂದರೆ ಮಾತ್ರ ವಿಜ್ಞಾನ ಎಂಬ ಭ್ರಮೆ ನನಗೂ ಇತ್ತು. ಅರ್ಧ ಜೋಡಿಸಿದ ಕಂಪೋಸಿಟರ್ ನನ್ನನ್ನು ಕರೆದು, ಮಸಿ ಹತ್ತಿದ ಬೆರಳಿನಲ್ಲಿ ಪೆಟ್ಟಿಗೆಯ ಖಾಲಿ ಮನೆ ತೋರಿಸಿದರು: ‘ಪ ಒತ್ತು ಮುಗಿಯಿತು ಮಾರಾಯ್ರೆ. ಉಳಿದದ್ದನ್ನು ಕನ್ನಡದಲ್ಲಿ ಬರೆಯಿರಿ.’

ಇನ್ನೊಂದು. ‘ಪಿತ್ತಾಮ್ಲ ಕೊಬ್ಬನ್ನು ಜೀರ್ಣಿಸುತ್ತದೆ’ ಎಂದಿದ್ದೀರಿ. ಜೀರ್ಣಿಸುವುದು ಲೈಪೇಸ್ ಎಂಬ ಕಿಣ್ವ ಅಂತ ನಿಮಗೆ ನಾನು ಹೇಳಬೇಕೇ? ಪಿತ್ತಾಮ್ಲದ್ದು ಅಂಟುವಾಳದ ಕೆಲಸ. ಜಿಡ್ಡನ್ನು ಸಣ್ಣ ಹನಿಗಳಾಗಿಸಿ ಲೈಪೇಸಿನ ಕೈಗೆ ಕೊಡುತ್ತದೆ, ಜೀರ್ಣವಾದದ್ದನ್ನು ಕರುಳಿನ ಗೋಡೆಗೆ ಮುಟ್ಟಿಸುತ್ತದೆ. ನಿಮ್ಮ ಲೇಖನದ ಮಗು 32 ವಾರಕ್ಕೇ ಹುಟ್ಟಿದ್ದು. ಅದರ ಲಿವರ್ ತಯಾರಿಸುವುದೇ ಕಡಿಮೆ. ದೊಡ್ಡವರಲ್ಲಾದರೆ ಸಣ್ಣ ಕರುಳಿನ ತುದಿ ಪಿತ್ತಾಮ್ಲದಲ್ಲಿ ನೂರಕ್ಕೆ ಸುಮಾರು 95 ಪಾಲನ್ನು ಹೀರಿ ಲಿವರಿಗೆ ಮರಳಿಸುತ್ತದೆ. ಈ ಮಗುವಿಗೆ ಆ ಮರುಬಳಕೆಯೂ ಇನ್ನೂ ಪಳಗಿಲ್ಲ. ಅಂಟುವಾಳ ಸಾಲದು, ಜಿಡ್ಡು ಹಾಗೇ ಹೊರಗೆ ಹೋಗುತ್ತದೆ, ಅದರ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ. ತಾಯಿಹಾಲು ತನ್ನದೇ ಲೈಪೇಸ್ ಹೊತ್ತು ತರುತ್ತದೆ, ಆದರೆ ಬಿಸಿ ಮಾಡಿ ಪಾಶ್ಚರೀಕರಿಸಿದ ತಾಯಿಹಾಲಿನಲ್ಲಿ ಅದು ಕೆಲಸ ಮಾಡುವುದಿಲ್ಲ ಎಂಬ ಸಂಗತಿಯನ್ನು ನೀವು ಒಂಬತ್ತನೇ ಪುಟದ ಆವರಣದೊಳಗೆ ಬಚ್ಚಿಟ್ಟಿದ್ದೀರಿ!

ಅದೇ ಪುಟದಲ್ಲಿ, ರಾತ್ರಿಪಾಳಿಯ ನರ್ಸ್ ಮಗುವಿನ ಬಟ್ಟೆ ಬಿಡಿಸಿ, ಎಣ್ಣೆ ಮಿಂಚುವ ಮಲ ತೋರಿಸಿ ‘ಕುಡಿದ ಹಾಲೆಲ್ಲ ಇದರಲ್ಲೇ ಉಂಟಲ್ಲ ಸರ್’ ಎಂದದ್ದು ಒಂದೇ ಸಾಲು ಇದೆ. ಲೇಖನ ಅಲ್ಲಿಂದ ಶುರುವಾಗಲಿ. ಹದಿನೈದರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೇ ಹಾಕುತ್ತೇನೆ.

ಹಾಂ, ನಿಮ್ಮ ಪತ್ರದ ಕೊನೆಯಲ್ಲಿ ‘ಲೇಖನ ಲಗತ್ತಿಸಲ್ಪಟ್ಟಿದೆ’ ಅಂತ ಇತ್ತು. ಅದನ್ನೂ ನೋಡಿದೆ.

ಇತಿ,
ಸಂಪಾದಕ